ರಸ್ತೆ ಬದಿ ಗಿಡಗಳು ಬೇಸಿಗೆ ದಾಟುತ್ತಿಲ್ಲ, ಮೈಸೂರಿನಲ್ಲಿ ಗಿಡ ಸಾಕಿದವರು ದಯವಿಟ್ಟು ಹೇಳಿ

ಬೋಗಾದಿ ಬೆಳಗು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಬೋಗಾದಿ ಕಡೆಯ ಒಂದು ಹೊಸ ಬಡಾವಣೆಯಲ್ಲಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಾನು ಬೆಳೆದಿದ್ದು ಸರಸ್ವತಿಪುರಂನಲ್ಲಿ. ಅಲ್ಲಿ ಮಟಮಟ ಮಧ್ಯಾಹ್ನವೂ ನೆರಳಿನಲ್ಲೇ ನಡೆದು ಮನೆ ಸೇರುತ್ತಿದ್ದೆವು. ಇಲ್ಲಿ ಒಂದು ಮರ ಇಲ್ಲ. ಸೊಪ್ಪು ಮಾರುವ ಅಜ್ಜಿ ಬಂದರೆ ಕರೆಂಟ್ ಕಂಬದ ನೆರಳು ಎಲ್ಲಿದೆ ನೋಡಿ ಅಲ್ಲಿ ಬುಟ್ಟಿ ಇಳಿಸುತ್ತಾರೆ. ನೆರಳು ಸರಿದ ಹಾಗೆ ಅವರೂ ಸರಿಯುತ್ತಾರೆ. ಅದನ್ನು ನೋಡೋಕೆ ಆಗಲ್ಲ.

ಹೋದ ವರ್ಷ ಜೂನ್ 5ಕ್ಕೆ ಹೊರಗಿನವರ ಒಂದು ತಂಡ ಬಂದು ನಮ್ಮ ಎರಡು ರಸ್ತೆಗೆ ಹೊಂಗೆ, ಬೇವು, ನೇರಳೆ ನೆಟ್ಟು ಹೋಯಿತು. ಮಳೆಗಾಲದಲ್ಲಿ ಚೆನ್ನಾಗಿ ಚಿಗುರಿದವು. ಶಿವರಾತ್ರಿ ಆದಮೇಲೆ ಒಂದೊಂದೇ ಒಣಗುತ್ತಾ ಬಂದು ಈಗ ಮುಕ್ಕಾಲು ಪಾಲು ಬರೀ ಕಡ್ಡಿ. ನೆಟ್ಟವರು ಮತ್ತೆ ಬರಲಿಲ್ಲ. ನಾವೂ ಅವರೇ ನೋಡಿಕೊಳ್ಳುತ್ತಾರೆ ಅಂತ ಇದ್ದೆವು.

ಈ ಸಲ ನಾವೇ ನಾಲ್ಕಾರು ಮನೆಯವರು ಸೇರಿ ಮಾಡೋಣ ಅಂತಿದ್ದೇವೆ. ಕೆಲವರು 200 ಗಿಡ ತರೋಣ ಅನ್ನುತ್ತಿದ್ದಾರೆ. ರಸ್ತೆಯ ಒಂದು ಬದಿಗೆ ಕರೆಂಟ್ ಲೈನ್, ಇನ್ನೊಂದು ಬದಿಗೆ ಯುಜಿಡಿ (ಒಳಚರಂಡಿ) ಪೈಪು. ಯಾವ ಗಿಡ ಹಾಕಬೇಕು, ಬೇಸಿಗೆ ನೀರಿಗೆ ಏನು ಮಾಡಬೇಕು? ಇನ್ನೊಂದು ಕಷ್ಟ ಇದೆ. ನಮ್ಮ ಮನೆ ಮುಂದೆ ಬೇಡ ಅನ್ನುವವರೇ ಜಾಸ್ತಿ. ಅವರ ಹತ್ತಿರ ಹೇಗೆ ಮಾತಾಡೋದು?

ಹೊಂಗೆ ನೆರಳು (ಕುವೆಂಪುನಗರ)

ಮೇಡಂ, ಒಣಗಿದ ಗಿಡಗಳನ್ನು ಈಗಲೇ ಕೀಳಬೇಡಿ. ಇವತ್ತು ಸಂಜೆ ಒಂದೊಂದರ ಹತ್ತಿರ ಹೋಗಿ, ನೆಲದಿಂದ ಒಂದು ಗೇಣು ಮೇಲೆ ಕಾಂಡವನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ತೊಗಟೆ ಕೆಳಗೆ ಹಸಿರು ಕಂಡು, ಕೈಗೆ ತೇವ ತಗುಲಿದರೆ ಗಿಡ ಬದುಕಿದೆ. ಕಂದಾಗಿ ಪುಡಿ ಉದುರಿದರೆ ಇನ್ನೂ ಕೆಳಗೆ, ಬುಡದ ಹತ್ತಿರ ಕೆರೆಯಿರಿ. ಹೊಂಗೆ, ಬೇವು ಎರಡೂ ಗಟ್ಟಿ ಜೀವ. ಮೇಲೆಲ್ಲ ಸತ್ತರೂ ಬುಡದಿಂದ ಚಿಗುರುತ್ತವೆ. ಹಸಿರು ಎಲ್ಲಿವರೆಗೆ ಇದೆಯೋ ಅದರ ಸ್ವಲ್ಪ ಮೇಲಕ್ಕೆ ಹರಿತವಾದ ಕತ್ತರಿಯಲ್ಲಿ ಒಣಗಿದ್ದನ್ನು ತೆಗೆಯಿರಿ. ಬುಡಕ್ಕೆ ಪಾತಿ ಕಟ್ಟಿ ನೀರು ಕೊಡಿ. ಮೂರ್ನಾಲ್ಕು ಚಿಗುರು ಬಂದರೆ ನೆಟ್ಟಗಿರುವ ಒಂದನ್ನು ಬಿಟ್ಟು ಉಳಿದದ್ದನ್ನು ಚಿವುಟಿ ಹಾಕಿ. ಒಂದು ಮಳೆಗಾಲ ಕಂಡು ನೆಲಕ್ಕೆ ಇಳಿದ ಬೇರು ಅದು. ನರ್ಸರಿಯಿಂದ ತರುವ ಹೊಸ ಸಸಿಗಿಂತ ಬೇಗ ಮೇಲೇಳುತ್ತದೆ.

ಇನ್ನು 200 ಗಿಡದ ಮಾತು. ದಯವಿಟ್ಟು ಒಂದು ಲೆಕ್ಕ ಹಾಕಿ. ಮೊದಲ ಬೇಸಿಗೆಯಲ್ಲಿ ಒಂದು ಗಿಡಕ್ಕೆ ವಾರಕ್ಕೆ 20 ಲೀಟರ್ ಆದರೂ ಬೇಕು. 200 ಗಿಡ ಅಂದರೆ 4,000 ಲೀಟರ್. ಅಂದರೆ ಪ್ರತಿ ವಾರ ಒಂದು ಟ್ರ್ಯಾಕ್ಟರ್ ಟ್ಯಾಂಕರ್. ಫೆಬ್ರವರಿಯಿಂದ ಮೇ ಮಳೆ ಹಿಡಿಯುವವರೆಗೆ ಅದು ನಿಲ್ಲಬಾರದು. ಮುಂದಿನ ವರ್ಷ ಮತ್ತೆ ಅದೇ. ಯಾರು ದುಡ್ಡು ಕೊಡುತ್ತಾರೆ, ಯಾರು ಪೈಪ್ ಹಿಡಿಯುತ್ತಾರೆ? ಅದಕ್ಕೆ ನಮ್ಮ ಗುಂಪಿನಲ್ಲಿ ಒಂದೇ ಕಟ್ಟುನಿಟ್ಟು. ಈ ಗಿಡಕ್ಕೆ ನೀರು ಹಾಕುವವರು ಇಂಥವರು ಅಂತ ಹೆಸರು ಬರೆದ ಮೇಲೇ ಗುಂಡಿಗೆ ಹಾರೆ ಹಾಕೋದು. ಹೆಸರಿಲ್ಲ ಅಂದರೆ ಗುಂಡಿ ಇಲ್ಲ. ಎಷ್ಟು ಚೆನ್ನಾಗಿರುವ ಜಾಗ ಆದರೂ ಸರಿ.

ಸಾಲುಮರದ ತಿಮ್ಮಕ್ಕನ ವಿಷಯ ಎಲ್ಲರೂ ಹೇಳುತ್ತಾರೆ. 2019ರಲ್ಲಿ ಪದ್ಮಶ್ರೀ ಬಂತು, ಹುಲಿಕಲ್–ಕುದೂರು ರಸ್ತೆಯ ಆಲದ ಸಾಲು ಪಠ್ಯಪುಸ್ತಕಕ್ಕೂ ಬಂತು. ಆದರೆ ಅವರು ಶುರು ಮಾಡಿದ ರೀತಿ ನೋಡಿ. ಮೊದಲ ವರ್ಷ ಹತ್ತು ಗಿಡ. ಮರುವರ್ಷ ಹದಿನೈದು. ಆಮೇಲೆ ಇಪ್ಪತ್ತು. ಗಂಡ ಹೆಂಡತಿ ಇಬ್ಬರೂ ಬಿಂದಿಗೆ ಹೊತ್ತು ಮೈಲಿಗಟ್ಟಲೆ ನಡೆದು ನೀರು ಹಾಕಿದರು, ದನ ತಿನ್ನದ ಹಾಗೆ ಮುಳ್ಳು ಕಟ್ಟಿದರು. ಕೈಯಲ್ಲಿ ಎಷ್ಟು ಸಾಕಲು ಆಗುತ್ತದೋ ಅಷ್ಟೇ ನೆಟ್ಟರು. ಕೂಲಿ ಮಾಡುವ ಇಬ್ಬರು ಇಷ್ಟು ಲೆಕ್ಕ ಇಟ್ಟು ಮಾಡಿದ್ದಾರೆ ಅಂದಮೇಲೆ ಸೈಟು, ಕಾರು, ಬೋರ್‌ವೆಲ್ ಇರುವ ನಮಗೆ ಆಗಲ್ಲ ಅನ್ನೋದು ನನಗೆ ಒಪ್ಪಿಗೆಯಿಲ್ಲ.

ನೀರು ಹಾಕುವ ರೀತಿಯೂ ಮುಖ್ಯ. ದಿನಾ ಒಂದು ಚೆಂಬು ಹಾಕಿದರೆ ಮೇಲಿನ ಎರಡು ಬೆರಳು ಮಣ್ಣು ಒದ್ದೆಯಾಗುತ್ತದೆ, ಬೇರು ಅಲ್ಲೇ ಮೇಲೆ ಆಡಿಕೊಂಡಿರುತ್ತದೆ. ಏಪ್ರಿಲ್ ಬಿಸಿಲಿಗೆ ಆ ಮೇಲ್ಮಣ್ಣೇ ಮೊದಲು ಸುಡೋದು. ವಾರಕ್ಕೆ ಒಂದು ಸಲ, ಆದರೆ ಒಂದು ಕ್ಯಾನ್ ಪೂರ್ತಿ, ನಿಧಾನವಾಗಿ ಇಂಗುವ ಹಾಗೆ ಹಾಕಿ. ಪಾತಿ ಮೇಲೆ ಒಣ ಎಲೆ, ಹುಲ್ಲು, ತೆಂಗಿನ ನಾರು ಏನಿದೆಯೋ ಅದನ್ನು ಒಂದು ಗೇಣು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಕೆಮ್ಮಣ್ಣು ಬೇಗ ಒಣಗುತ್ತದೆ. ಹೊದಿಕೆ ಇದ್ದರೆ ವಾರದ ನೀರು ವಾರಕ್ಕೆ ಸಾಕಾಗುತ್ತದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಾಕಬಹುದು. ಸೋಪು ನೀರು ಬೇಡ.

ಈಗ ಮನೆಯವರ ವಿಷಯ. ಇದನ್ನೇ ನಾನು ಎಲ್ಲಕ್ಕಿಂತ ದೊಡ್ಡ ಕೆಲಸ ಅಂತ ನಂಬಿದ್ದೇನೆ. ಬೇಡ ಅನ್ನುವವರು ಕೆಟ್ಟವರಲ್ಲ. ಅವರ ಭಯ ನಿಜವಾದ ಭಯ. ಬೇರು ಕಾಂಪೌಂಡ್ ಸೀಳುತ್ತೆ, ಎಲೆ ಗುಡಿಸೋರು ಯಾರು, ಕಾರು ಎಲ್ಲಿ ನಿಲ್ಲಿಸೋದು, ಬಾಗಿಲ ನೇರಕ್ಕೆ ಮರ ಬಂದರೆ ವಾಸ್ತು ಕೆಡುತ್ತೆ. ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು. ಭಾಷಣ ಮಾಡಬೇಡಿ, ಆಮ್ಲಜನಕದ ಪಾಠ ಬೇಡವೇ ಬೇಡ. ಗಿಡವನ್ನು ಗೇಟಿನ ಎದುರು ಬಿಟ್ಟು ಎರಡು ಮನೆ ಕಾಂಪೌಂಡ್ ಸೇರುವ ಗಡಿಯ ನೇರಕ್ಕೆ ಇಡಿ. ಕಾರಿಗೂ ದಾರಿ ಉಳಿಯುತ್ತದೆ, ವಾಸ್ತು ಮಾತೂ ಮುಗಿಯುತ್ತದೆ. ನೆರಳು ಎರಡೂ ಮನೆಗೆ ಬೀಳುತ್ತದೆ. ಬೇರಿನ ಭಯ ಇದ್ದರೆ ಆಲ, ಅರಳಿ, ಬಸರಿ ರಸ್ತೆಗೆ ತರೋಲ್ಲ, ಅವು ಪಾರ್ಕಿಗೆ, ಕೆರೆ ಏರಿಗೆ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಮೂರು ಗಿಡದ ಹೆಸರು ಹೇಳಿ, ಇದರಲ್ಲಿ ನಿಮಗೆ ಯಾವುದು ಇಷ್ಟ ಅಂತ ಕೇಳಿ. ಆರಿಸಿದವರು ನೀರು ಹಾಕುತ್ತಾರೆ. ಇದು ನಾನು ಕಣ್ಣಾರೆ ನೋಡಿದ್ದು. ನಮ್ಮ ಪಕ್ಕದ ರಸ್ತೆಯಲ್ಲಿ ಗಿಡ ಬೇಡವೇ ಬೇಡ ಅಂದ ಯಜಮಾನರ ಮನೆಯ ಸೊಸೆ ಹೊಳೆ ದಾಸವಾಳ ಆರಿಸಿದರು. ಬೆಳಗ್ಗೆ ಬಾಗಿಲು ತೊಳೆದ ನೀರು ಸೀದಾ ಪಾತಿಗೆ ಹರಿಯುವ ಹಾಗೆ ಅಂಗಳದಿಂದ ಒಂದು ಸಣ್ಣ ಕಾಲುವೆ ಅವರೇ ಮಾಡಿಕೊಂಡಿದ್ದಾರೆ. ಏಪ್ರಿಲ್ ಮೇನಲ್ಲಿ ನೇರಳೆ ಬಣ್ಣದ ಹೂವು ತುಂಬಿಕೊಂಡಾಗ ಈಗ ಯಜಮಾನರೇ ಬಂದವರಿಗೆ ತೋರಿಸುತ್ತಾರೆ.

ಯಾವ ಗಿಡ ಅಂತ ಕೇಳಿದ್ದೀರಿ. ಲೈನ್ ಇಲ್ಲದ ಬದಿಗೆ ಹೊಂಗೆ, ಬೇವು, ಹೊಳೆ ದಾಸವಾಳ. ನನ್ನ ಮೊದಲ ಆಯ್ಕೆ ಯಾವಾಗಲೂ ಹೊಂಗೆ. ಬೇಸಿಗೆಯಲ್ಲೇ ಹೊಸ ಎಲೆ ಬಂದು ದಟ್ಟ ನೆರಳು ಕೊಡುತ್ತದೆ, ದನ ಮೇಕೆ ಅಷ್ಟಾಗಿ ಬಾಯಿ ಹಾಕಲ್ಲ. ಲೈನ್ ಕೆಳಗೆ ಬಸವನಪಾದ, ಪಾರಿಜಾತ, ದೇವಗಣಗಲೆಯಂಥ ಸಣ್ಣವು. ಅಲ್ಲಿ ದೊಡ್ಡ ಮರ ಹಾಕಿದರೆ ಪ್ರತಿ ವರ್ಷ ತಲೆ ಕತ್ತರಿಸುತ್ತಾರೆ. ಮರಕ್ಕೂ ಹಿಂಸೆ, ಕರೆಂಟಿನವರಿಗೂ ಕೆಲಸ. ನೇರಳೆ ಒಳ್ಳೆ ಮರ, ಆದರೆ ಕಾರು ನಿಲ್ಲಿಸುವ ಕಡೆ ಬೇಡ, ಹಣ್ಣಿನ ಕಲೆಗೆ ಜಗಳ ಗ್ಯಾರಂಟಿ. ಪಾರ್ಕಿನಲ್ಲಿ ಹಾಕಿ, ಮಕ್ಕಳಿಗೂ ಹಕ್ಕಿಗಳಿಗೂ ಆಗುತ್ತದೆ. ಗುಲ್‌ಮೊಹರ್ ನೋಡೋಕೆ ಚೆಂದ, ನಿಜ. ಆದರೆ ಮೆತ್ತನೆ ಮರ, ಬೇರೂ ಮೇಲ್ಮೇಲೆ. ಮೇ ತಿಂಗಳ ಗಾಳಿ ಮಳೆಗೆ ಕೊಂಬೆ ಮುರಿದು ಬೀಳೋದನ್ನ ಮೈಸೂರಿನಲ್ಲಿ ಎಲ್ಲರೂ ನೋಡಿದ್ದೇವೆ. ಮನೆ ಮುಂದಕ್ಕೆ ಬೇಡ.

ಕಾಲದ ಬಗ್ಗೆ ಒಂದು ಮಾತು. ಮೈಸೂರಿಗೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಜೋರು ಮಳೆ ಬರೋದು ಮೇನಲ್ಲಿ, ಆಮೇಲೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ. ಜೂನ್ ಜುಲೈನಲ್ಲಿ ಬರೀ ತುಂತುರು, ಮೋಡ, ಗಾಳಿ. ಅದಕ್ಕೆ ಗುಂಡಿಯನ್ನು ಈಗ ಏಪ್ರಿಲ್‌ನಲ್ಲೇ ತೋಡಿ, ಎರಡು ಅಡಿ ಉದ್ದ, ಅಗಲ, ಆಳ. ಬಿಸಿಲಿಗೆ ಬಿಟ್ಟು, ಮೇ ಮಳೆ ನೀರು ಕುಡಿಯಲಿ. ಜೂನ್‌ನಲ್ಲಿ ಬರುವ ಮೃಗಶಿರ ಮಳೆಯಲ್ಲಿ ನೆಡಿ. ತಂಪಿನಲ್ಲಿ ಬೇರು ಹಿಡಿದು, ಹಸ್ತ ಚಿತ್ತೆ ಮಳೆಗೆ ಬಲವಾಗುತ್ತದೆ. ತೋಡುವ ಮುಂಚೆ ಯುಜಿಡಿ, ನೀರಿನ ಪೈಪು, ಕೇಬಲ್ ಎಲ್ಲಿ ಹೋಗಿದೆ ಅಂತ ಕೇಳಿಕೊಳ್ಳಿ. ನಿಮ್ಮ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯಾ ನೋಡಿ, ಅದರ ಪ್ರಕಾರ ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಕೊಟ್ಟು, ಸೀಲು ಹಾಕಿದ ಪ್ರತಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಅಗೆಯಲು ಬಂದರೆ ತೋರಿಸಲು ಬೇಕಾಗುತ್ತದೆ.

ಸಸಿಮಡಿ (ಶ್ರೀರಂಗಪಟ್ಟಣ ರಸ್ತೆ)

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ನಾನು ನರ್ಸರಿಯಲ್ಲಿ ಕೆಲಸ ಮಾಡುವವನು. ಗಿಡ ಆರಿಸುವಾಗ ಜನ ಎತ್ತರ ನೋಡುತ್ತಾರೆ. ನೀವು ಕವರ್ ನೋಡಿ. ಸಣ್ಣ ಕವರಿನಲ್ಲಿ ಆಳೆತ್ತರ ಬೆಳೆದ ಗಿಡ ತಗೋಬೇಡಿ. ಅದರ ಬೇರು ಒಳಗೇ ಸುತ್ತಿ ಸುತ್ತಿ ಗಂಟಾಗಿರುತ್ತದೆ. ನೆಟ್ಟ ಮೇಲೂ ಅದು ಹೊರಗೆ ಹೋಗದೆ ಸುತ್ತುತ್ತಲೇ ಇರುತ್ತದೆ. ನಾಲ್ಕೈದು ವರ್ಷ ಚೆನ್ನಾಗಿದ್ದು ಆಮೇಲೆ ಗಾಳಿಗೆ ಬುಡಸಮೇತ ಮಲಗುವ ಮರಗಳಲ್ಲಿ ಇಂಥವು ಬೇಕಾದಷ್ಟು. ರಸ್ತೆ ಬದಿಗೆ 8×12 ಇಂಚಿನ ಕವರ್ ಅಥವಾ ಅದಕ್ಕಿಂತ ದೊಡ್ಡದೇ ಕೇಳಿ. ಕಾಂಡ ಹೆಬ್ಬೆರಳು ದಪ್ಪ ಇರಲಿ. ಹಿಡಿದು ಅಲ್ಲಾಡಿಸಿದರೆ ಮಣ್ಣಿನ ಜೊತೆಗೇ ಅಲ್ಲಾಡಬೇಕು, ಮಣ್ಣು ಬಿಟ್ಟು ಕಾಂಡ ಮಾತ್ರ ಆಡಿದರೆ ಬೇರು ಹಿಡಿದಿಲ್ಲ ಅಂತ.

ನೆಡುವಾಗ ಕವರನ್ನು ಎಳೆದು ತೆಗೆಯಬೇಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತಳದಲ್ಲಿ ಸುತ್ತಿಕೊಂಡ ಬೇರು ಇದ್ದರೆ ಆ ಸುತ್ತನ್ನು ಕತ್ತರಿಸಿ, ಹೆಂಟೆ ಒಡೆಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಇಳಿಸಿ. ಕವರಿನಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ನೆಲವೂ ಅಲ್ಲಿವರೆಗೇ ಬರಬೇಕು. ಕಾಂಡ ಹೂತುಹೋಗುವ ಹಾಗೆ ಮಣ್ಣು ಏರಿಸಿದರೆ ಕೊಳೆಯುತ್ತದೆ. ಕವರ್ ಸಮೇತ ನೆಟ್ಟಿರೋದನ್ನ ಎಷ್ಟೋ ಕಡೆ ನೋಡಿದ್ದೇನೆ. ಕೀಳುವಾಗ ಪ್ಲಾಸ್ಟಿಕ್ ಹಾಗೇ ಬರುತ್ತದೆ. ಹೊಟ್ಟೆ ಉರಿಯುತ್ತದೆ. ನಿಮ್ಮ ಹೋದ ವರ್ಷದ ಗಿಡಗಳಲ್ಲಿ ಪೂರ್ತಿ ಸತ್ತಿರೋದನ್ನ ಕಿತ್ತಾಗ ಅದನ್ನೊಮ್ಮೆ ನೋಡಿ.

ಅರಣ್ಯ ಇಲಾಖೆ ನರ್ಸರಿಗಳಲ್ಲಿ ಮಳೆಗಾಲದ ಹೊತ್ತಿಗೆ ಕಡಿಮೆ ಬೆಲೆಗೆ ಸಸಿ ಕೊಡುತ್ತಾರೆ. ಜೂನ್ ಮೊದಲ ವಾರ ನೂಕುನುಗ್ಗಲು. ಮೇನಲ್ಲೇ ಹೋಗಿ ಕೇಳಿ, ಒಳ್ಳೆ ಗಿಡ ಆರಿಸಿಕೊಳ್ಳಬಹುದು.

ನಾಲೆ ಬದಿಯವ (ಮಂಡ್ಯ)

ನಮ್ಮ ಕಡೆ ನೀರಿಗೆ ಅಷ್ಟು ಕಷ್ಟ ಇಲ್ಲ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಇದೆ. ನಮ್ಮ ಶತ್ರು ಬೆಂಕಿ. ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ತರಗಿಗೆ ಬೆಂಕಿ ಇಡುತ್ತಾರೆ, ಅದು ಬದುವಿಗೆ ಬಂದು ರಸ್ತೆ ಬದಿ ಗಿಡ ಸುಡುತ್ತದೆ. ನಾವು ಈಗ ತರಗು ಹೊತ್ತು ತಂದು ಗಿಡದ ಪಾತಿಗೇ ಹಾಕುತ್ತಿದ್ದೇವೆ. ರೈತರು ಬೇಡ ಅನ್ನಲಿಲ್ಲ, ಇನ್ನೂ ಖುಷಿಯಾಗಿ ಕೊಟ್ಟರು. ನಿಮ್ಮ ಬಡಾವಣೆಯಲ್ಲೂ ಖಾಲಿ ಸೈಟಿನ ಹುಲ್ಲಿಗೆ ಬೆಂಕಿ ಇಡುತ್ತಾರಲ್ಲ, ಅದನ್ನು ನೋಡಿಕೊಳ್ಳಿ ಅಕ್ಕ. ಗಿಡದ ಸುತ್ತ ನಾಲ್ಕು ಅಡಿ ಹುಲ್ಲು ಹೆರೆದು ಇಟ್ಟರೆ ಬೆಂಕಿ ಹತ್ತಿರ ಬರಲ್ಲ.

ಹಾಗೇ, ನಿಮ್ಮ ಗುಂಪಿನಲ್ಲಿ ಊರಲ್ಲಿ ಜಮೀನು ಇರುವವರಿದ್ದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಕೇಳಿ ನೋಡಲಿ. ನೆಟ್ಟಿದ್ದಕ್ಕೆ ದುಡ್ಡಲ್ಲ, ಬದುಕಿದ್ದಕ್ಕೆ. ಮೊದಲ ವರ್ಷ ಉಳಿದ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50. ಬಡಾವಣೆಗೂ ಇಂಥದ್ದೊಂದು ಬಂದರೆ ಎಷ್ಟು ಚೆನ್ನಾಗಿರುತ್ತೆ ಅಂತ ನನಗೆ ಆಸೆ.

ಹಳೇ ಮರಗಳ ಗೆಳತಿ (ಯಾದವಗಿರಿ)

ಗಿಡ ನೆಡೋದರ ಜೊತೆ ಇರುವ ಮರಗಳನ್ನೂ ನೋಡಿಕೊಳ್ಳಿ ಅಂತ ನನ್ನ ಕೋರಿಕೆ. 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯಲ್ಲಿ 40 ಮರ ಹೋದಾಗ ಊರಿನವರಿಗೆ ಆದ ಸಂಕಟ ಇನ್ನೂ ಆರಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ಕೆಲವು ಜಾತಿ ಬಿಟ್ಟರೆ, ನಮ್ಮ ಕಾಂಪೌಂಡಿನ ಮರ ಕಡಿಯಬೇಕಾದರೂ ವೃಕ್ಷಾಧಿಕಾರಿಯ ಅನುಮತಿ ಬೇಕು. ನಿಮ್ಮ ರಸ್ತೆಯಲ್ಲಿ ಯಾರಾದರೂ ಗರಗಸ ಹಿಡಿದು ಬಂದರೆ, ಅನುಮತಿ ಪತ್ರ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಮರ್ಯಾದೆಯಿಂದಲೇ ಕೇಳಿ, ಆದರೆ ಕೇಳಿ.

ಕಡಿಯದೆ ಸಾಯಿಸೋದು ಇನ್ನೊಂದು ಥರ. ಬುಡದವರೆಗೆ ಕಾಂಕ್ರೀಟ್, ಇಂಟರ್‌ಲಾಕ್ ಹಾಕಿಬಿಡುತ್ತಾರೆ. ನೀರು, ಗಾಳಿ ಎರಡೂ ಇಳಿಯಲ್ಲ. ದೆಹಲಿ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಅಂತ ಹೇಳಿದೆ. ನಾವು ಭಾನುವಾರ ಸೇರಿದಾಗ ಮೊಳೆ ಕೀಳುತ್ತೇವೆ, ಬೋರ್ಡು ಕಟ್ಟಿದ ತಂತಿ ಬಿಚ್ಚುತ್ತೇವೆ. ಹಳೇ ಕಬ್ಬಿಣದ ಗಾರ್ಡುಗಳನ್ನು ಕತ್ತರಿಸುತ್ತೇವೆ. ಮಹಾಗನಿಯೊಂದಕ್ಕೆ ಗಾರ್ಡಿನ ಬಳೆ ಎಷ್ಟು ಒಳಗೆ ಇಳಿದಿತ್ತು ಅಂದರೆ, ಹೊರಗಿಂದ ಬರೀ ತೊಗಟೆಯ ಉಬ್ಬು ಕಾಣುತ್ತಿತ್ತು. ಒಳಗೆ ಕಬ್ಬಿಣ. ಕಾಪಾಡಲು ಹಾಕಿದ್ದೇ ಕುತ್ತಿಗೆ ಹಿಸುಕುತ್ತಿತ್ತು. ನಿಮ್ಮ ಗಿಡಕ್ಕೆ ಗಾರ್ಡು ಹಾಕಿದ ದಿನವೇ, ಅದನ್ನು ತೆಗೆಯುವ ವರ್ಷವನ್ನೂ ಬರೆದಿಡಿ.

ಬೋಗಾದಿ ಬೆಳಗು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿದ ಸಂಜೆಯೇ ಶಾಲೆಯ ಕೆಲವು ಮಕ್ಕಳ ಜೊತೆ ಹೋಗಿ ಕೆರೆದು ನೋಡಿದೆವು. ನೇರಳೆ ಒಂದೂ ಉಳಿದಿಲ್ಲ. ಹೊಂಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬುಡದಲ್ಲಿ ಹಸಿರಿದೆ! ಮಕ್ಕಳು ಕಿರುಚಿದ್ದಕ್ಕೆ ಮನೆಯವರೆಲ್ಲ ಹೊರಗೆ ಬಂದರು. ಅಲ್ಲೇ ನಿಂತು ಹೆಸರು ಬರೆದುಕೊಂಡೆವು. ಒಬ್ಬರು ಮಾತ್ರ ಬೇಡವೇ ಬೇಡ ಅಂದರು, ಬಿಟ್ಟೆವು. ಸತ್ತ ನೇರಳೆ ಕಿತ್ತಾಗ ಎರಡರಲ್ಲಿ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಸಸಿಮಡಿ ಅವರು ಹೇಳಿದ್ದು ಸರಿ.

200 ಗಿಡ ಕೈಬಿಟ್ಟಿದ್ದೇವೆ. ಬದುಕಿರುವ ಹೊಂಗೆ ಉಳಿಸಿಕೊಳ್ಳೋದು, ಹೆಸರು ಕೊಟ್ಟ ಮನೆಗಳಿಗೆ ಮಾತ್ರ ಹೊಸದು. ಸೊಪ್ಪಿನ ಅಜ್ಜಿ ಕೂರುವ ಮೂಲೆಗೆ ಒಂದು ಹೊಂಗೆ ಬೇಕೇ ಬೇಕು ಅಂತ ಮಕ್ಕಳ ಹಟ. ಅದಕ್ಕೆ ನೀರು ನನ್ನ ಪಾಲು.

ಒಂದು ಸಂಶಯ. ಕಿತ್ತ ಗುಂಡಿಗಳಲ್ಲಿ ಗೆದ್ದಲು ತುಂಬಿದೆ. ಅದೇ ಗುಂಡಿಗೆ ನೆಡಬಹುದಾ? ಔಷಧಿ ಹಾಕಬೇಕಾ?

ಹೊಂಗೆ ನೆರಳು

ಅದೇ ಗುಂಡಿಗೆ ನೆಡಬಹುದು ಮೇಡಂ. ಗೆದ್ದಲು ಹೆಚ್ಚಾಗಿ ಒಣಗಿದ್ದನ್ನೇ ಹುಡುಕಿಕೊಂಡು ಬರುತ್ತದೆ. ಹಳೇ ಬೇರು, ಕಡ್ಡಿ ಚೂರು ಎಲ್ಲ ಆರಿಸಿ ತೆಗೆಯಿರಿ, ಗುಂಡಿಯನ್ನು ಇನ್ನೂ ಅಗಲ ಮಾಡಿ ಬಿಸಿಲಿಗೆ ಬಿಡಿ. ನೆಡುವಾಗ ಮಣ್ಣಿಗೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಕೊಟ್ಟಿಗೆ ಗೊಬ್ಬರ ಹಾಕಿದರೆ ಚೆನ್ನಾಗಿ ಕಳಿತದ್ದೇ ಇರಲಿ, ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ವಾಸನೆ ಬರಬಾರದು. ಹಸಿ ಸಗಣಿ ಹಾಕಿದರೆ ಗೆದ್ದಲು, ಗೊಣ್ಣೆ ಹುಳ ಎರಡಕ್ಕೂ ಊಟ ಬಡಿಸಿದ ಹಾಗೆ. ಕಾಂಡದ ಮೇಲೆ ಮಣ್ಣಿನ ಗೆರೆ ಏರಿದ್ದು ಕಂಡರೆ ಪೊರಕೆ ಕಡ್ಡಿಯಿಂದ ಉಜ್ಜಿ ತೆಗೆದು, ಆ ವಾರ ನೀರು ತಪ್ಪಿಸಬೇಡಿ.

ಊರುಗೋಲು ಕಟ್ಟುವಾಗ ತಂತಿ, ನೈಲಾನ್ ಹಗ್ಗ ಬೇಡ. ಹಳೇ ಕಾಟನ್ ಸೀರೆಯ ಪಟ್ಟಿ ಹರಿದು, ಕಾಂಡಕ್ಕೂ ಕೋಲಿಗೂ ನಡುವೆ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ನಮ್ಮ ಹತ್ತಿರ ಎರಡು ಹಾರೆ, ಒಂದು ಸನಿಕೆ ಇದೆ. ಗುಂಡಿ ತೋಡುವ ಭಾನುವಾರ ಯಾವುದು ಅಂತ ಇಲ್ಲೇ ಬರೆಯಿರಿ, ತರುತ್ತೇವೆ.